ಬಾದಾಮಿ ಹಾಲು

ಈ ಲೇಖನವು ಬಾದಾಮಿ ಬೀಜ ಮತ್ತು ನೀರಿನಿಂದ ತಯಾರಾಗುವ ಸಸ್ಯಜನ್ಯ ಪಾನೀಯವನ್ನು ಕುರಿತದ್ದು. ಹಸುವಿನ ಹಾಲಿಗೆ ಬಾದಾಮಿ, ಸಕ್ಕರೆ ಬೆರೆಸಿ ಮಾಡುವ ಪಾನೀಯದ ಬಗ್ಗೆ ‘ಹೆಸರಿನ ಬಳಕೆ’ ವಿಭಾಗವನ್ನು ನೋಡಿ.

ಬಾದಾಮಿ ಹಾಲು ಎಂಬುದು ನೆನೆಸಿದ ಬಾದಾಮಿ ಬೀಜಗಳನ್ನು ನೀರಿನೊಂದಿಗೆ ನುಣ್ಣಗೆ ಅರೆದು ಸೋಸಿ ಪಡೆಯುವ ಬಿಳಿಯ ದ್ರವ. ನೋಟದಲ್ಲಿ ಹಸುವಿನ ಹಾಲನ್ನು ಹೋಲುವುದರಿಂದ ಇದಕ್ಕೆ ಹಾಲು ಎಂಬ ಹೆಸರು ಬಂದಿದೆ. ಇದರಲ್ಲಿ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯಾಗಲಿ, ಕೇಸಿನ್ ಎಂಬ ಹಾಲಿನ ಪ್ರೋಟೀನ್ ಆಗಲಿ, ಕೊಲೆಸ್ಟ್ರಾಲ್ ಆಗಲಿ ಇರುವುದಿಲ್ಲ. ಹಸುವಿನ ಹಾಲು ಒಗ್ಗದವರು, ಪ್ರಾಣಿಜನ್ಯ ಆಹಾರವನ್ನು ಪೂರ್ಣವಾಗಿ ತ್ಯಜಿಸಿದವರು ಹಾಗೂ ರುಚಿಗಾಗಿ ಬಯಸುವವರು ಇದನ್ನು ಬಳಸುತ್ತಾರೆ. ಸೋಯಾ, ಓಟ್ಸ್, ತೆಂಗು, ಅಕ್ಕಿ, ಗೋಡಂಬಿ ಮುಂತಾದವುಗಳಿಂದಲೂ ಇಂತಹ ಪಾನೀಯಗಳನ್ನು ತಯಾರಿಸಲಾಗುತ್ತದೆ. ಇವು ಬಣ್ಣದಲ್ಲಿ ಹಾಲನ್ನು ಹೋಲಿದರೂ ಪೋಷಕಾಂಶಗಳಲ್ಲಿ ಹಾಲಿಗೆ ಸಮನಾಗಿರಬೇಕೆಂದಿಲ್ಲ. ಮುಖ್ಯವಾಗಿ, ಎಳೆಯ ಶಿಶುಗಳಿಗೆ ತಾಯಿಯ ಹಾಲಿನ ಬದಲಿಗೆ ಇವನ್ನು ಕೊಡುವುದು ಅಪಾಯಕಾರಿ.

ಬಾದಾಮಿ ಬೀಜ

ಬಾದಾಮಿಯ ಸಸ್ಯಶಾಸ್ತ್ರೀಯ ಹೆಸರು ಪ್ರೂನಸ್ ಡಲ್ಸಿಸ್. ಇದು ಗುಲಾಬಿಯ ಕುಟುಂಬವಾದ ರೋಸೇಸಿಗೆ ಸೇರಿದ ಮರ. ಪೀಚ್, ಪ್ಲಮ್ ಮತ್ತು ಜರ್ದಾಳು ಹಣ್ಣಿನ ಮರಗಳು ಇದರ ಹತ್ತಿರದ ಸಂಬಂಧಿಗಳು. ಮಾವು ಅಥವಾ ಪೀಚ್ ಹಣ್ಣಿನ ಓಟೆಯೊಳಗೆ ಬೀಜವಿರುವಂತೆಯೇ ಬಾದಾಮಿ ಕಾಯಿಯ ಓಟೆಯೊಳಗಿರುವ ಬೀಜವೇ ನಾವು ತಿನ್ನುವ ಬಾದಾಮಿ. ಪೀಚ್‌ನಲ್ಲಿ ಹೊರಗಿನ ತಿರುಳು ರಸಭರಿತವಾದರೆ, ಬಾದಾಮಿಯಲ್ಲಿ ಅದು ಒಣಗಿ ಬಿರಿಯುತ್ತದೆ.

ಬಾದಾಮಿಯಲ್ಲಿ ಸಿಹಿ ಮತ್ತು ಕಹಿ ಎಂಬ ಎರಡು ಬಗೆಗಳಿವೆ. ಕಹಿ ಬಾದಾಮಿಯಲ್ಲಿ ಅಮಿಗ್ಡಾಲಿನ್ ಎಂಬ ವಸ್ತುವು ಅಧಿಕ ಪ್ರಮಾಣದಲ್ಲಿದ್ದು, ಬೀಜವನ್ನು ಜಗಿದಾಗ ಅಥವಾ ನೀರಿನಲ್ಲಿ ಅರೆದಾಗ ಅದರಿಂದ ವಿಷಕಾರಿಯಾದ ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಆದ್ದರಿಂದ ಹಾಲು ತಯಾರಿಸಲು ಸಿಹಿ ಬಾದಾಮಿಯನ್ನು ಮಾತ್ರ ಬಳಸಲಾಗುತ್ತದೆ.

ಜಗತ್ತಿನ ಬಾದಾಮಿ ಉತ್ಪಾದನೆಯ ಬಹುಪಾಲು, ಅಂದರೆ ಸುಮಾರು ಐದನೇ ನಾಲ್ಕು ಭಾಗ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಿಂದ ಬರುತ್ತದೆ. ಭಾರತದಲ್ಲಿ ಕಾಶ್ಮೀರ ಮತ್ತು ಹಿಮಾಚಲ ಪ್ರದೇಶಗಳಲ್ಲಿ ಬಾದಾಮಿಯನ್ನು ಬೆಳೆಯುತ್ತಾರೆ. ವಸಂತದ ಆರಂಭದಲ್ಲಿ ಶ್ರೀನಗರದ ಬಾದಾಮ್‌ವಾರಿ ಉದ್ಯಾನದಲ್ಲಿ ಬಾದಾಮಿ ಮರಗಳು ಹೂತಳೆಯುವುದನ್ನು ನೋಡಲು ಜನ ಸೇರುತ್ತಾರೆ. ಆದರೂ ದೇಶದ ಬೇಡಿಕೆಯ ಬಹುಭಾಗವನ್ನು ಆಮದಿನಿಂದಲೇ ಪೂರೈಸಲಾಗುತ್ತಿದೆ.

ಕರ್ನಾಟಕದ ರಸ್ತೆಬದಿಗಳಲ್ಲಿ, ಶಾಲೆಯ ಅಂಗಳಗಳಲ್ಲಿ ಮತ್ತು ಕರಾವಳಿಯಲ್ಲಿ ‘ಬಾದಾಮಿ ಮರ’ ಎಂದು ಕರೆಯಲಾಗುವ, ಅಗಲವಾದ ಎಲೆಗಳುಳ್ಳ ಮರವು ಬೇರೆಯೇ ಜಾತಿಯದು. ಟರ್ಮಿನೇಲಿಯ ಕಟಾಪ ಎಂಬ ಹೆಸರಿನ ಆ ಮರದ ಬೀಜವನ್ನೂ ಮಕ್ಕಳು ಕುಟ್ಟಿ ತಿನ್ನುವುದುಂಟು. ಆದರೆ ಅಂಗಡಿಯ ಬಾದಾಮಿಗೂ ಅದಕ್ಕೂ ಸಸ್ಯಶಾಸ್ತ್ರೀಯ ನಂಟಿಲ್ಲ.

ಹೆಸರಿನ ಬಳಕೆ

‘ಬಾದಾಮಿ’ ಎಂಬ ಪದವು ಪಾರಸಿ ಭಾಷೆಯ ‘ಬಾದಾಮ್’ ಎಂಬ ಪದದಿಂದ ಬಂದುದು. ಕನ್ನಡದಲ್ಲಿ ‘ಬಾದಾಮಿ ಹಾಲು’ ಎಂಬ ಮಾತಿಗೆ ಈಗ ಎರಡು ಅರ್ಥಗಳಿವೆ.

ಮೊದಲನೆಯದು, ಬಹುಕಾಲದಿಂದ ಬಳಕೆಯಲ್ಲಿರುವ ಅರ್ಥ. ಹಸುವಿನ ಅಥವಾ ಎಮ್ಮೆಯ ಹಾಲನ್ನು ಕಾಯಿಸಿ, ಅದಕ್ಕೆ ಅರೆದ ಬಾದಾಮಿ, ಸಕ್ಕರೆ, ಏಲಕ್ಕಿ ಮತ್ತು ಕೇಸರಿ ಬೆರೆಸಿ ಮಾಡುವ ಹಳದಿ ಬಣ್ಣದ ಪಾನೀಯವಿದು. ಹೋಟೆಲುಗಳಲ್ಲಿ, ಮದುವೆಯ ಮನೆಗಳಲ್ಲಿ, ಹಾಲಿನ ಕೇಂದ್ರಗಳಲ್ಲಿ ಬಾದಾಮಿ ಹಾಲು ಎಂದರೆ ಇದೇ. ಎರಡನೆಯದು, ಈ ಲೇಖನದ ವಿಷಯವಾದ, ಪ್ರಾಣಿಯ ಹಾಲು ಸ್ವಲ್ಪವೂ ಇಲ್ಲದ ಪಾನೀಯ.

ಈ ಎರಡು ಅರ್ಥಗಳ ಬೆರಕೆಯು ಕೇವಲ ಭಾಷೆಯ ವಿಷಯವಲ್ಲ. ಹಾಲಿನ ಅಲರ್ಜಿ ಇರುವವರು ಹೋಟೆಲಿನಲ್ಲಿ ‘ಬಾದಾಮಿ ಹಾಲು’ ಕೇಳಿದರೆ ಅವರಿಗೆ ದೊರೆಯುವುದು ಹಸುವಿನ ಹಾಲಿನಿಂದ ಮಾಡಿದ ಪಾನೀಯ. ಹಾಗೆಯೇ ‘ಬಾದಾಮಿ ಪುಡಿ’ ಎಂದು ಮಾರಾಟವಾಗುವ ಹಲವು ಮಿಶ್ರಣಗಳಲ್ಲಿ ಸಕ್ಕರೆಯೇ ಅಧಿಕವಾಗಿದ್ದು, ಕೆಲವದರಲ್ಲಿ ಹಾಲಿನ ಪುಡಿಯೂ ಇರುತ್ತದೆ. ಆದ್ದರಿಂದ ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿಯನ್ನು ಓದುವುದು ಅವಶ್ಯಕ.

ಕನ್ನಡದಲ್ಲಿ ‘ಹಾಲು’ ಎಂಬ ಪದವು ಮೊದಲಿನಿಂದಲೂ ಪ್ರಾಣಿಯ ಹಾಲಿಗೆ ಮಾತ್ರ ಸೀಮಿತವಾಗಿಲ್ಲ. ತೆಂಗಿನ ತುರಿಯನ್ನು ಹಿಂಡಿ ತೆಗೆಯುವುದು ಕಾಯಿಹಾಲು. ನೆನೆಸಿದ ರಾಗಿ ಅಥವಾ ಗೋಧಿಯನ್ನು ಅರೆದು ಸೋಸಿದ ಬಿಳಿಯ ದ್ರವವೂ ಹಾಲೇ. ಅಕ್ಕಿ ಅಥವಾ ರಾಗಿಯ ಹಾಲನ್ನು ಬೆಲ್ಲದೊಂದಿಗೆ ಕಾಯಿಸಿ ಗಟ್ಟಿಮಾಡುವ ಸಿಹಿತಿಂಡಿಗೆ ಹಾಲುಬಾಯಿ ಎಂದು ಹೆಸರು. ಎಕ್ಕದ ಗಿಡದ ಎಲೆ ಮುರಿದಾಗ ಒಸರುವ ಬಿಳಿಯ ರಸಕ್ಕೂ ಹಾಲು ಎನ್ನುತ್ತಾರೆ.

ಇತಿಹಾಸ

ಮಧ್ಯಯುಗದ ಅರಬ್ ಮತ್ತು ಯುರೋಪಿನ ಅಡುಗೆಗಳಲ್ಲಿ ಬಾದಾಮಿ ಹಾಲಿಗೆ ಮುಖ್ಯ ಸ್ಥಾನವಿತ್ತು. ಕ್ರೈಸ್ತರು ಈಸ್ಟರ್ ಹಬ್ಬದ ಮುಂಚಿನ ಉಪವಾಸದ ದಿನಗಳಲ್ಲಿ ಮಾಂಸದ ಜೊತೆಗೆ ಹಾಲು, ಬೆಣ್ಣೆ, ಮೊಟ್ಟೆಗಳನ್ನೂ ವರ್ಜಿಸುತ್ತಿದ್ದುದರಿಂದ, ಅನುಕೂಲಸ್ಥರ ಮನೆಗಳಲ್ಲಿ ಅವುಗಳ ಬದಲಿಗೆ ಬಾದಾಮಿ ಹಾಲನ್ನು ಉಪಯೋಗಿಸುತ್ತಿದ್ದರು. ಶೈತ್ಯಾಗಾರಗಳಿಲ್ಲದ ಆ ಕಾಲದಲ್ಲಿ ಕರೆದ ಹಾಲು ಬೇಗ ಕೆಡುತ್ತಿತ್ತು. ಒಣ ಬಾದಾಮಿಯನ್ನಾದರೋ ತಿಂಗಳುಗಟ್ಟಲೆ ಕಾಪಿಟ್ಟು, ಬೇಕಾದಾಗ ಅರೆದು ಹಾಲು ತೆಗೆಯಬಹುದಾಗಿತ್ತು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ರಿಚರ್ಡನ ಅಡುಗೆಯವರು ಸಂಕಲಿಸಿದ ‘ದ ಫೋರ್ಮ್ ಆಫ್ ಕ್ಯೂರಿ’ ಎಂಬ ಪಾಕಗ್ರಂಥದಲ್ಲಿ ಬಾದಾಮಿ ಹಾಲನ್ನು ಬಳಸುವ ಅನೇಕ ಪಾಕವಿಧಾನಗಳಿವೆ. ಇಟಲಿಯ ಸಿಸಿಲಿಯಲ್ಲಿ ಬಾದಾಮಿ ಹಾಲು ಇಂದಿಗೂ ಬೇಸಿಗೆಯ ಜನಪ್ರಿಯ ಪಾನೀಯ.

ಸೋಯಾ ಹಾಲಿನ ಮೂಲ ಚೀನಾ. ಅಲ್ಲಿ ಸೋಯಾ ಅವರೆಯ ಹಾಲಿನಿಂದ ತೋಫು ಎಂಬ ಗಿಣ್ಣಿನಂತಹ ಆಹಾರವನ್ನು ತಯಾರಿಸುವ ಪದ್ಧತಿ ಪ್ರಾಚೀನವಾದುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಿ ಯುಯಿಂಗ್ ಎಂಬ ಚೀನೀ ವಿದ್ವಾಂಸರು ಪ್ಯಾರಿಸ್ ನಗರದ ಸಮೀಪ ಸೋಯಾ ಉತ್ಪನ್ನಗಳ ಕಾರ್ಖಾನೆಯನ್ನು ಸ್ಥಾಪಿಸಿದರು. 1940ರಲ್ಲಿ ಹಾಂಗ್‌ಕಾಂಗ್‌ನಲ್ಲಿ ‘ವಿಟಾಸೋಯ್’ ಎಂಬ ಸೋಯಾ ಹಾಲು ಮಾರುಕಟ್ಟೆಗೆ ಬಂದಿತು. 1990ರ ದಶಕದಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ವಿಜ್ಞಾನಿ ರಿಕಾರ್ಡ್ ಓಸ್ಟೆ ಅವರು ಕಿಣ್ವಗಳ ಸಹಾಯದಿಂದ ಓಟ್ಸ್‌ನ ಪಿಷ್ಟವನ್ನು ಒಡೆದು ಓಟ್ಸ್ ಹಾಲು ತಯಾರಿಸುವ ವಿಧಾನವನ್ನು ರೂಪಿಸಿದರು.

ಭಾರತದಲ್ಲಿ ಹಾಲಿನ ಪರ್ಯಾಯದ ಹುಡುಕಾಟವು ಹೊಸದಲ್ಲ. ಮಹಾತ್ಮ ಗಾಂಧಿಯವರು 1912ರಲ್ಲಿ ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿದ್ದಾಗ ಹಾಲನ್ನು ತ್ಯಜಿಸಿದರು. 1918ರಲ್ಲಿ ತೀವ್ರ ಅನಾರೋಗ್ಯಕ್ಕೆ ಒಳಗಾದ ಬಳಿಕ, ವ್ರತದ ಅಕ್ಷರವನ್ನಷ್ಟೇ ಉಳಿಸಿಕೊಂಡು ಆಡಿನ ಹಾಲನ್ನು ಕುಡಿಯಲು ಒಪ್ಪಿದರು. ಇದರ ಬಗೆಗಿನ ಅಳಲನ್ನು ಅವರು ಆತ್ಮಕಥೆಯಲ್ಲಿ ತೋಡಿಕೊಂಡಿದ್ದಾರೆ. 1940ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೋಯಾ ಹಾಲಿನ ಪೌಷ್ಟಿಕತೆಯನ್ನು ಕುರಿತು ಸಂಶೋಧನೆ ನಡೆಯಿತು. ಮುಂದೆ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಕಡಲೆಕಾಯಿಯ ಪ್ರೋಟೀನನ್ನು ಹಾಲಿನೊಂದಿಗೆ ಬೆರೆಸಿ ಹಾಲಿನ ಪ್ರಮಾಣವನ್ನು ಹೆಚ್ಚಿಸುವ ‘ಮಿಲ್ಟೋನ್’ ಎಂಬ ಪಾನೀಯವನ್ನು ಅಭಿವೃದ್ಧಿಪಡಿಸಿತು. ಹಾಲಿನ ಕೊರತೆಯಿದ್ದ ಆ ಕಾಲದಲ್ಲಿ ಮಕ್ಕಳಿಗೆ ಪ್ರೋಟೀನ್ ಒದಗಿಸುವುದು ಇಂತಹ ಪ್ರಯತ್ನಗಳ ಉದ್ದೇಶವಾಗಿತ್ತು.

ತಯಾರಿಸುವ ವಿಧಾನ

ಮನೆಯಲ್ಲಿ ತಯಾರಿಸಲು ಒಂದು ಬಟ್ಟಲು ಬಾದಾಮಿಯನ್ನು ಸುಮಾರು 8 ಗಂಟೆಗಳ ಕಾಲ ನೀರಿನಲ್ಲಿ ನೆನೆಸಿಡಬೇಕು. ನೆನೆದ ನೀರನ್ನು ಚೆಲ್ಲಿ, ಸಿಪ್ಪೆ ಸುಲಿದು, ಮೂರು ಅಥವಾ ನಾಲ್ಕು ಬಟ್ಟಲು ಶುದ್ಧ ನೀರಿನೊಂದಿಗೆ ನುಣ್ಣಗೆ ಅರೆಯಬೇಕು. ಇದನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ ಹಿಂಡಿದರೆ ಹಾಲು ಸಿದ್ಧವಾಗುತ್ತದೆ. ಇದರಲ್ಲಿ ಸಂರಕ್ಷಕಗಳಿಲ್ಲದ ಕಾರಣ ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನಗಳೊಳಗೆ ಬಳಸುವುದು ಉತ್ತಮ. ಬಟ್ಟೆಯಲ್ಲಿ ಉಳಿಯುವ ಚರಟದಲ್ಲಿ ನಾರಿನಂಶದ ಬಹುಭಾಗವೂ ಸ್ವಲ್ಪ ಪ್ರೋಟೀನೂ ಇರುವುದರಿಂದ ಅದನ್ನು ಎಸೆಯದೆ ಉಂಡೆ, ರೊಟ್ಟಿ ಅಥವಾ ಸಾರಿಗೆ ಉಪಯೋಗಿಸಬಹುದು.

ಅರೆಯುವಾಗ ಬಾದಾಮಿಯ ಎಣ್ಣೆಯು ಅತಿ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಹರಡುತ್ತದೆ. ಬೀಜದ ಪ್ರೋಟೀನುಗಳು ಈ ಹನಿಗಳನ್ನು ಸುತ್ತುವರಿದು ಅವು ಒಂದುಗೂಡದಂತೆ ತಡೆಯುತ್ತವೆ. ಹನಿಗಳು ಬೆಳಕನ್ನು ಚದುರಿಸುವುದರಿಂದ ದ್ರವವು ಬೆಳ್ಳಗೆ ಕಾಣುತ್ತದೆ. ಹಸುವಿನ ಹಾಲು ಬೆಳ್ಳಗಿರುವುದಕ್ಕೂ ಇಂತಹದೇ ಕಾರಣವಿದೆ. ಸ್ವಲ್ಪ ಹೊತ್ತು ಇಟ್ಟರೆ ಮನೆಯ ಬಾದಾಮಿ ಹಾಲು ಎರಡು ಪದರಗಳಾಗಿ ಬೇರ್ಪಡುತ್ತದೆ. ಅದು ಕೆಟ್ಟಿದೆ ಎಂದಲ್ಲ, ಅಲುಗಾಡಿಸಿದರೆ ಮತ್ತೆ ಸೇರುತ್ತದೆ.

ಕಾರ್ಖಾನೆಗಳಲ್ಲಿ ಈ ಬೇರ್ಪಡುವಿಕೆಯನ್ನು ತಡೆಯಲು ಜೆಲ್ಲನ್ ಗೋಂದು, ಲೆಸಿಥಿನ್ ಮುಂತಾದವುಗಳನ್ನು ಸೇರಿಸುತ್ತಾರೆ. ಕ್ಯಾಲ್ಸಿಯಂ ಲವಣ, ಡಿ ಜೀವಸತ್ವ ಮತ್ತು ಕೆಲವೊಮ್ಮೆ ಬಿ12 ಜೀವಸತ್ವವನ್ನೂ ಬೆರೆಸುತ್ತಾರೆ. ಕ್ಯಾಲ್ಸಿಯಂ ತಳದಲ್ಲಿ ನಿಲ್ಲುವುದರಿಂದ ಪೊಟ್ಟಣವನ್ನು ಚೆನ್ನಾಗಿ ಕುಲುಕಿ ಬಳಸಬೇಕು. ಮಾರುಕಟ್ಟೆಯ ಹಲವು ಬಾದಾಮಿ ಹಾಲುಗಳಲ್ಲಿ ಬಾದಾಮಿಯ ಪ್ರಮಾಣ ಕೇವಲ ಶೇಕಡಾ 2ರಿಂದ 3ರಷ್ಟು ಮಾತ್ರ. ಉಳಿದುದು ಬಹುತೇಕ ನೀರು.

ಅಡುಗೆಯಲ್ಲಿ ವರ್ತನೆ

ಬಾದಾಮಿ ಹಾಲನ್ನು ಬಿಸಿಯಾದ ಕಾಫಿಗೆ ಸುರಿದಾಗ ಕೆಲವೊಮ್ಮೆ ಒಡೆದಂತೆ ಕಾಣುತ್ತದೆ. ಕಾಫಿಯ ಆಮ್ಲೀಯತೆ ಮತ್ತು ಶಾಖದಿಂದ ಬಾದಾಮಿಯ ಪ್ರೋಟೀನುಗಳು ಗರಣೆಗಟ್ಟುವುದೇ ಇದಕ್ಕೆ ಕಾರಣ. ಹಾಲನ್ನು ಮೊದಲೇ ಬೆಚ್ಚಗೆ ಮಾಡಿಕೊಂಡು ನಿಧಾನವಾಗಿ ಬೆರೆಸಿದರೆ ಇದು ಕಡಿಮೆಯಾಗುತ್ತದೆ. ಮಜ್ಜಿಗೆಯಿಂದ ಹೆಪ್ಪು ಹಾಕಿದರೆ ಬಾದಾಮಿ ಹಾಲು ಹಸುವಿನ ಹಾಲಿನಂತೆ ಗಟ್ಟಿ ಮೊಸರಾಗುವುದಿಲ್ಲ. ಮೊಸರು ಗಟ್ಟಿಯಾಗಲು ಬೇಕಾದ ಕೇಸಿನ್ ಮತ್ತು ಹೆಪ್ಪಿನ ಸೂಕ್ಷ್ಮಾಣುಗಳಿಗೆ ಆಹಾರವಾಗುವ ಲ್ಯಾಕ್ಟೋಸ್ ಎರಡೂ ಅದರಲ್ಲಿಲ್ಲ. ಪಾಯಸ, ಖೀರು ಮತ್ತು ಹಣ್ಣಿನ ರಸಾಯನಗಳಿಗೆ ಇದು ಚೆನ್ನಾಗಿ ಹೊಂದುತ್ತದೆ.

ಪೋಷಕಾಂಶಗಳು

100 ಗ್ರಾಂ ಬಾದಾಮಿ ಬೀಜದಲ್ಲಿ ಸುಮಾರು 21 ಗ್ರಾಂ ಪ್ರೋಟೀನ್, 50 ಗ್ರಾಂ ಕೊಬ್ಬು, 12 ಗ್ರಾಂ ನಾರು, 270 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 25 ಮಿಲಿಗ್ರಾಂ ಇ ಜೀವಸತ್ವವಿದೆ. ಬೀಜವು ಪುಷ್ಟಿಕರವಾದುದರಿಂದ ಹಾಲೂ ಅಷ್ಟೇ ಪುಷ್ಟಿಕರ ಎಂಬ ಭಾವನೆ ಸಾಮಾನ್ಯ. ಆದರೆ 100 ಗ್ರಾಂ ಬಾದಾಮಿಯಿಂದ ಒಂದು ಲೀಟರ್ ಹಾಲು ತೆಗೆದರೆ, ಬೀಜದ ಸತ್ವವೆಲ್ಲ ಹಾಲಿಗೆ ಇಳಿಯಿತೆಂದೇ ಇಟ್ಟುಕೊಂಡರೂ, 100 ಮಿಲಿಲೀಟರಿಗೆ ದೊರೆಯುವುದು 2 ಗ್ರಾಂ ಪ್ರೋಟೀನ್ ಮತ್ತು 27 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರ. ಅಷ್ಟೇ ಪ್ರಮಾಣದ ಹಸುವಿನ ಹಾಲಿನಲ್ಲಿ ಸುಮಾರು 3.3 ಗ್ರಾಂ ಪ್ರೋಟೀನ್ ಮತ್ತು 120 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಬಾದಾಮಿ ಕಡಿಮೆಯಿರುವ ಅಂಗಡಿಯ ಹಾಲಿನಲ್ಲಿ ಪ್ರೋಟೀನ್ 100 ಮಿಲಿಲೀಟರಿಗೆ ಅರ್ಧ ಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಆದರೆ ಸೇರಿಸಿದ ಲವಣದಿಂದಾಗಿ ಕ್ಯಾಲ್ಸಿಯಂ ಹಸುವಿನ ಹಾಲಿಗೆ ಸಮನಾಗಿರಬಹುದು. ಅಂದರೆ ಮನೆಯ ಹಾಲಿನಲ್ಲಿ ಬಾದಾಮಿ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಅಂಗಡಿಯ ಹಾಲಿನಲ್ಲಿ ಬಾದಾಮಿ ಕಡಿಮೆ, ಕ್ಯಾಲ್ಸಿಯಂ ಹೆಚ್ಚು.

ಬಿ12 ಜೀವಸತ್ವವು ಸಸ್ಯಗಳಲ್ಲಿ ಸಹಜವಾಗಿ ಇರುವುದಿಲ್ಲ. ಮಾಂಸ, ಮೊಟ್ಟೆ ಸೇವಿಸದ ಭಾರತೀಯರಿಗೆ ಹಾಲು, ಮೊಸರುಗಳೇ ಇದರ ಮುಖ್ಯ ಮೂಲ. ಇಂತಹವರು ಹಾಲನ್ನೂ ಬಿಟ್ಟಾಗ ಬಿ12 ಸೇರಿಸಿದ ಆಹಾರವನ್ನೋ ವೈದ್ಯರು ಸೂಚಿಸುವ ಮಾತ್ರೆಯನ್ನೋ ಅವಲಂಬಿಸಬೇಕಾಗುತ್ತದೆ.

ಸಕ್ಕರೆ ಸೇರಿಸದ ಬಾದಾಮಿ ಹಾಲಿನಲ್ಲಿ ಕ್ಯಾಲೊರಿ ಕಡಿಮೆ. ಒಂದು ಲೋಟಕ್ಕೆ ಸಾಮಾನ್ಯವಾಗಿ 30ರಿಂದ 40 ಕಿಲೊಕ್ಯಾಲೊರಿ. ಸಕ್ಕರೆ ಬೆರೆಸಿದ ಬಗೆಗಳಲ್ಲಿ ಇದು ಗಣನೀಯವಾಗಿ ಏರುತ್ತದೆ.

ಇತರ ಪರ್ಯಾಯಗಳು

• ಸೋಯಾ ಹಾಲು: ಪ್ರೋಟೀನಿನ ಪ್ರಮಾಣ ಮತ್ತು ಗುಣಮಟ್ಟ ಎರಡರಲ್ಲೂ ಹಸುವಿನ ಹಾಲಿಗೆ ಅತ್ಯಂತ ಸಮೀಪವಾದುದು. ಹಸಿ ಅವರೆಯ ವಾಸನೆಯನ್ನು ಕೆಲವರು ಇಷ್ಟಪಡುವುದಿಲ್ಲ. ಬಿಸಿನೀರಿನಲ್ಲಿ ಅರೆದು ಚೆನ್ನಾಗಿ ಕುದಿಸಿದರೆ ವಾಸನೆ ತಗ್ಗುತ್ತದೆ, ಜೀರ್ಣಕ್ಕೆ ಅಡ್ಡಿಯಾಗುವ ಅಂಶಗಳೂ ನಾಶವಾಗುತ್ತವೆ.

• ಓಟ್ಸ್ ಹಾಲು: ಸಹಜವಾಗಿಯೇ ತುಸು ಸಿಹಿ ಮತ್ತು ಗಟ್ಟಿ. ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದರಿಂದ ಮಧುಮೇಹಿಗಳು ಪ್ರಮಾಣವನ್ನು ಗಮನಿಸಬೇಕು.

• ಅಕ್ಕಿ ಹಾಲು: ಅಲರ್ಜಿಯ ಸಂಭವ ಕಡಿಮೆ, ಆದರೆ ಪ್ರೋಟೀನ್ ಅತ್ಯಲ್ಪ, ಶರ್ಕರ ಅಧಿಕ. ಅಕ್ಕಿಯಲ್ಲಿ ಸೇರಿರಬಹುದಾದ ಆರ್ಸೆನಿಕ್‌ನ ಕಾರಣದಿಂದ ಐದು ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡಬಾರದೆಂದು ಬ್ರಿಟನ್ನಿನ ಆರೋಗ್ಯ ಇಲಾಖೆ ಸಲಹೆ ನೀಡುತ್ತದೆ.

• ಕಾಯಿಹಾಲು: ದಕ್ಷಿಣ ಭಾರತದ ಅಡುಗೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಒತ್ತುಶಾವಿಗೆಯ ಜೊತೆಗೆ ಬೆಲ್ಲ ಹಾಕಿದ ಕಾಯಿಹಾಲು ಕರ್ನಾಟಕದ ಹಲವೆಡೆ ಪ್ರಿಯವಾದ ಉಣಿಸು. ಇದರಲ್ಲಿ ಪರ್ಯಾಪ್ತ ಕೊಬ್ಬು ಅಧಿಕ, ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಕಡಿಮೆ.

• ಗೋಡಂಬಿ, ಕಡಲೆಕಾಯಿ ಮತ್ತು ಎಳ್ಳಿನ ಹಾಲು: ಮನೆಯಲ್ಲಿ ಸುಲಭವಾಗಿ ತಯಾರಿಸಬಹುದು. ಉತ್ತರ ಕನ್ನಡದ ಎಳ್ಳುನೀರು ಈ ಬಗೆಗೆ ಸಮೀಪವಾದ ಪಾನೀಯ.

ಯಾರಿಗೆ ಅವಶ್ಯ

ಹಸುವಿನ ಹಾಲು ಒಗ್ಗದಿರುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಇವೆರಡನ್ನೂ ಒಂದೇ ಎಂದು ಭಾವಿಸುವುದು ತಪ್ಪು.

ಲ್ಯಾಕ್ಟೋಸ್ ಅಸಹಿಷ್ಣುತೆಯಲ್ಲಿ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಲ್ಯಾಕ್ಟೇಸ್ ಎಂಬ ಕಿಣ್ವವು ಕರುಳಿನಲ್ಲಿ ಕಡಿಮೆಯಿರುತ್ತದೆ. ಹಾಲು ಕುಡಿದ ಬಳಿಕ ಹೊಟ್ಟೆಯುಬ್ಬರ, ನೋವು, ಭೇದಿ ಕಾಣಿಸಿಕೊಳ್ಳುತ್ತವೆ. ಜಗತ್ತಿನ ವಯಸ್ಕರಲ್ಲಿ ಮೂರನೇ ಎರಡು ಭಾಗದಷ್ಟು ಜನರಲ್ಲಿ ಬಾಲ್ಯದ ನಂತರ ಈ ಕಿಣ್ವ ಕುಗ್ಗುತ್ತದೆಂದು ಅಂದಾಜಿದೆ. ಇಂತಹವರಲ್ಲಿ ಅನೇಕರಿಗೆ ಸ್ವಲ್ಪ ಪ್ರಮಾಣದ ಹಾಲು ತೊಂದರೆ ಮಾಡುವುದಿಲ್ಲ. ಹೆಪ್ಪುಗಟ್ಟುವಾಗ ಲ್ಯಾಕ್ಟೋಸ್‌ನ ಒಂದು ಭಾಗ ಆಮ್ಲವಾಗುವುದರಿಂದ ಮೊಸರು, ಮಜ್ಜಿಗೆಗಳು ಹಾಲಿಗಿಂತ ಚೆನ್ನಾಗಿ ಒಗ್ಗುತ್ತವೆ. ಆದ್ದರಿಂದ ಇವರೆಲ್ಲರೂ ಹಾಲಿನ ಉತ್ಪನ್ನಗಳನ್ನು ಪೂರ್ತಿ ಬಿಡಬೇಕಾದ ಅಗತ್ಯವಿಲ್ಲ.

ಹಾಲಿನ ಅಲರ್ಜಿಯಾದರೋ ಹಾಲಿನ ಪ್ರೋಟೀನಿಗೆ ದೇಹದ ರೋಗನಿರೋಧಕ ವ್ಯವಸ್ಥೆ ತೋರುವ ಪ್ರತಿಕ್ರಿಯೆ. ಮುಖ್ಯವಾಗಿ ಚಿಕ್ಕ ಮಕ್ಕಳಲ್ಲಿ ಕಂಡುಬರುವ ಇದು ಕೆಲವೊಮ್ಮೆ ಪ್ರಾಣಾಪಾಯಕಾರಿ. ಇಂತಹವರಿಗೆ ಮೊಸರು, ತುಪ್ಪ ಕೂಡ ಸುರಕ್ಷಿತವಲ್ಲದಿರಬಹುದು. ಪ್ರೋಟೀನುಗಳು ಹೋಲುವುದರಿಂದ ಆಡಿನ ಅಥವಾ ಎಮ್ಮೆಯ ಹಾಲೂ ಸಾಮಾನ್ಯವಾಗಿ ಪರಿಹಾರವಾಗುವುದಿಲ್ಲ.

ಎಚ್ಚರಿಕೆಗಳು

ಒಂದು ವರ್ಷದೊಳಗಿನ ಶಿಶುಗಳಿಗೆ ತಾಯಿಯ ಹಾಲು ಅಥವಾ ವೈದ್ಯರು ಸೂಚಿಸಿದ ಶಿಶು ಆಹಾರದ ಬದಲಿಗೆ ಬಾದಾಮಿ ಹಾಲನ್ನಾಗಲಿ ಇತರ ಸಸ್ಯಜನ್ಯ ಪಾನೀಯಗಳನ್ನಾಗಲಿ ಕೊಡಬಾರದು. ಹಾಗೆ ಕೊಟ್ಟ ಶಿಶುಗಳಲ್ಲಿ ತೀವ್ರ ಅಪೌಷ್ಟಿಕತೆ ಉಂಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. 2016ರಲ್ಲಿ ಸ್ಪೇನ್ ದೇಶದ ವೈದ್ಯರು, ಬಾದಾಮಿ ಪಾನೀಯವನ್ನೇ ಮುಖ್ಯ ಆಹಾರವಾಗಿ ಪಡೆದಿದ್ದ ಹಸುಳೆಯೊಂದರಲ್ಲಿ ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ರೋಗವನ್ನು ಗುರುತಿಸಿ ವರದಿ ಮಾಡಿದರು. ಚಿಕಿತ್ಸೆಯಿಂದ ಮಗು ಚೇತರಿಸಿಕೊಂಡಿತು. ಒಂದು ವರ್ಷ ದಾಟಿದ ಮಕ್ಕಳಿಗೂ ಹಾಲನ್ನು ನಿಲ್ಲಿಸಿ ಪರ್ಯಾಯಕ್ಕೆ ಹೋಗುವ ಮುನ್ನ ಮಕ್ಕಳ ವೈದ್ಯರ ಸಲಹೆ ಪಡೆಯುವುದು ಅಗತ್ಯ.

ಬಾದಾಮಿಯೂ ಅಲರ್ಜಿಯನ್ನು ಉಂಟುಮಾಡಬಲ್ಲದು. ಬಾದಾಮಿಯಲ್ಲಿ ಆಕ್ಸಲೇಟ್ ಅಂಶವಿರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಇದನ್ನು ನಿತ್ಯ ಹೆಚ್ಚಾಗಿ ಸೇವಿಸುವ ಮೊದಲು ವೈದ್ಯರನ್ನು ಕೇಳಬೇಕು.

ಪರಿಸರದ ಮೇಲಿನ ಪರಿಣಾಮ

2018ರಲ್ಲಿ ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಚೆಕ್ ಅವರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಜಾಗತಿಕ ಸರಾಸರಿಯಂತೆ, ಒಂದು ಲೀಟರ್ ಹಸುವಿನ ಹಾಲಿನ ಉತ್ಪಾದನೆಯಿಂದ ಸುಮಾರು 3.2 ಕಿಲೊಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹಸಿರುಮನೆ ಅನಿಲಗಳು ಹೊರಬೀಳುತ್ತವೆ. ಬಾದಾಮಿ ಹಾಲಿಗೆ ಇದು 0.7, ಓಟ್ಸ್ ಹಾಲಿಗೆ 0.9, ಸೋಯಾ ಹಾಲಿಗೆ 1.0 ಮತ್ತು ಅಕ್ಕಿ ಹಾಲಿಗೆ 1.2 ಕಿಲೊಗ್ರಾಂ. ನೀರಿನ ಬಳಕೆಯಲ್ಲಿ ಹಸುವಿನ ಹಾಲಿಗೆ 628 ಲೀಟರ್, ಬಾದಾಮಿ ಹಾಲಿಗೆ 371, ಅಕ್ಕಿ ಹಾಲಿಗೆ 270, ಓಟ್ಸ್ ಹಾಲಿಗೆ 48 ಮತ್ತು ಸೋಯಾ ಹಾಲಿಗೆ 28 ಲೀಟರ್ ಬೇಕಾಗುತ್ತದೆ. ಹೀಗೆ ಅನಿಲಗಳ ವಿಷಯದಲ್ಲಿ ಎಲ್ಲಕ್ಕಿಂತ ಹಗುರವಾದ ಬಾದಾಮಿ, ಸಸ್ಯಜನ್ಯ ಹಾಲುಗಳ ಪೈಕಿ ನೀರನ್ನು ಅತಿ ಹೆಚ್ಚು ಬೇಡುತ್ತದೆ. ಈ ಅಂಕಿಗಳು ಲೀಟರಿನ ಲೆಕ್ಕದವು. ಲೀಟರಿನಲ್ಲಿರುವ ಪ್ರೋಟೀನಿನ ಲೆಕ್ಕ ಹಿಡಿದರೆ ಬಾದಾಮಿ ಹಾಲಿನ ಮೇಲುಗೈ ಉಳಿಯುವುದಿಲ್ಲ, ಸೋಯಾ ಹಾಲಿನದು ಉಳಿಯುತ್ತದೆ.

ಬಾದಾಮಿ ತೋಟಗಳು ಒಣ ಬೇಸಿಗೆಯ ಕ್ಯಾಲಿಫೋರ್ನಿಯಾದಲ್ಲಿ ಕೇಂದ್ರೀಕೃತವಾಗಿರುವುದರಿಂದ ನೀರಿನ ಪ್ರಶ್ನೆ ಗಂಭೀರವಾಗಿದೆ. ಕಳೆದ ದಶಕದ ದೀರ್ಘ ಬರಗಾಲದಲ್ಲಿ ತೋಟಗಳಿಗಾಗಿ ಅಂತರ್ಜಲವನ್ನು ಆಳದಿಂದ ಎತ್ತಿದ್ದು ಅಲ್ಲಿ ವಿವಾದಕ್ಕೆ ಕಾರಣವಾಯಿತು. ಬಾದಾಮಿಯ ಪರಾಗಸ್ಪರ್ಶಕ್ಕೆ ಜೇನುನೊಣಗಳು ಅತ್ಯಗತ್ಯ. ಪ್ರತಿ ಫೆಬ್ರವರಿಯಲ್ಲಿ ಅಮೆರಿಕದ ವಾಣಿಜ್ಯ ಜೇನುಪೆಟ್ಟಿಗೆಗಳ ಬಹುಪಾಲನ್ನು ಲಾರಿಗಳಲ್ಲಿ ಈ ತೋಟಗಳಿಗೆ ಸಾಗಿಸಲಾಗುತ್ತದೆ. ಹೀಗೆ ಒಂದೆಡೆ ಸೇರಿಸುವುದರಿಂದ ಜೇನುಗಳಲ್ಲಿ ರೋಗ ಹರಡುವ ಆತಂಕವಿದೆ.

ಹೆಸರಿನ ಬಗ್ಗೆ ಕಾನೂನು

ಸಸ್ಯಜನ್ಯ ಪಾನೀಯವನ್ನು ಹಾಲು ಎಂದು ಮಾರಬಹುದೇ ಎಂಬುದು ಹಲವು ದೇಶಗಳಲ್ಲಿ ಚರ್ಚೆಯ ವಿಷಯ. 2017ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು ಸಸ್ಯಜನ್ಯ ಉತ್ಪನ್ನಗಳಿಗೆ ಹಾಲು, ಬೆಣ್ಣೆ, ಗಿಣ್ಣು ಮುಂತಾದ ಹೆಸರುಗಳನ್ನು ಬಳಸುವಂತಿಲ್ಲವೆಂದು ತೀರ್ಪಿತ್ತಿತು. ಸಾಂಪ್ರದಾಯಿಕವಾಗಿ ಬಳಕೆಯಲ್ಲಿರುವ ಕೆಲವು ಹೆಸರುಗಳಿಗೆ ಮಾತ್ರ ವಿನಾಯಿತಿ ಉಂಟು. ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್ ಭಾಷೆಗಳಲ್ಲಿ ಬಾದಾಮಿ ಹಾಲು ಎಂಬ ಹೆಸರು ಆ ಪಟ್ಟಿಯಲ್ಲಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2023ರ ಕರಡು ಮಾರ್ಗಸೂಚಿಯಲ್ಲಿ ಹಾಲು ಎಂಬ ಪದಕ್ಕೆ ಅವಕಾಶ ನೀಡಿ, ಪೋಷಕಾಂಶಗಳಲ್ಲಿನ ವ್ಯತ್ಯಾಸವನ್ನು ಪೊಟ್ಟಣದ ಮೇಲೆ ನಮೂದಿಸುವಂತೆ ಶಿಫಾರಸು ಮಾಡಿತು.

ಭಾರತದಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2021ರಲ್ಲಿ ಸಸ್ಯಜನ್ಯ ಉತ್ಪನ್ನಗಳಿಗೆ ಹಾಲಿನ ಹೆಸರುಗಳನ್ನು ಬಳಸುವುದರ ವಿರುದ್ಧ ಸೂಚನೆ ನೀಡಿತು. ಆದುದರಿಂದ ಇಲ್ಲಿನ ಅಂಗಡಿಗಳಲ್ಲಿ ಇವು ಸಾಮಾನ್ಯವಾಗಿ ‘ಬಾದಾಮಿ ಪಾನೀಯ’, ‘ಓಟ್ಸ್ ಪಾನೀಯ’ ಎಂಬ ಅರ್ಥದ ಹೆಸರುಗಳಲ್ಲಿ ದೊರೆಯುತ್ತವೆ. ಕಾಯಿಹಾಲಿನಂತಹ ರೂಢಿಯ ಹೆಸರುಗಳಿಗೆ ಈ ನಿರ್ಬಂಧವಿಲ್ಲ. ಹಾಲು, ಸೋಯಾ, ಬಾದಾಮಿಯಂತಹ ಅಲರ್ಜಿಕಾರಕ ಪದಾರ್ಥಗಳಿದ್ದರೆ ಅದನ್ನು ಪೊಟ್ಟಣದ ಮೇಲೆ ಸ್ಪಷ್ಟವಾಗಿ ತಿಳಿಸುವುದು ಕಡ್ಡಾಯ.

ಇವನ್ನೂ ನೋಡಿ

• ಹಾಲು
• ತೆಂಗಿನಕಾಯಿ
• ಸೋಯಾ ಅವರೆ
• ಲ್ಯಾಕ್ಟೋಸ್ ಅಸಹಿಷ್ಣುತೆ
• ಹಾಲುಬಾಯಿ